ಬೀಗದ ಕೈ

ಮಲತಾಯಿಯೆಂದೊಡನೆ ನಮ್ಮ ಜನಕ್ಕೆ ಕೈಕೇಯಿಯ ನೆನಪಾಗುತ್ತದೆ. ಇಲ್ಲವೆ ಧ್ರುವನನ್ನು ತಂದೆಯ ತೊಡೆಯೇರಗೊಡದ ಸುರುಚಿಯ ನೆನಪು. ಅವರಿಬ್ಬರೂ ರಾಜರನ್ನು ಕುಣಿಸಿದ ರಾಣಿಯರು. ರಾಜನೇ ಕುಣಿಸುವ ಮನೆಗೆ ಎರಡನೆಯವಳಾಗಿ ಬಂದು, ಅವನ ಮಕ್ಕಳನ್ನು ಸಾಕಿದವಳ ಕಥೆಯನ್ನು ಯಾವ ಪುರಾಣಿಕರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದಕಾರಣ ನನ್ನದನ್ನು ನಾನೇ ಹೇಳಬೇಕಾಗಿದೆ.

ಏಳು ವರ್ಷಗಳ ಹಿಂದೆ, ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹತ್ತಿರದ ಓಣಿಯೊಂದರ ಮನೆಗೆ ನಾನು ಕಾಲಿಟ್ಟಾಗ ಹುಡುಗಿಗೆ ನಾಲ್ಕು ವರ್ಷ, ಹುಡುಗನಿಗೆ ಒಂದೂವರೆ. ಅವರ ತಾಯಿ ತೀರಿಕೊಂಡು ವರ್ಷವಾಗಿತ್ತು. ನನ್ನನ್ನು “ಚಿಕ್ಕಮ್ಮ” ಎಂದು ಕರೆಯುವಂತೆ ಮನೆಯವರು ಹೇಳಿಕೊಟ್ಟರು. ಹುಡುಗಿ ಹಾಗೆಯೇ ಕರೆದಳು. ಹುಡುಗನು ಮಾತ್ರ ಮೊದಲರ್ಧವನ್ನು ನುಂಗಿ ಉಳಿದರ್ಧವನ್ನೇ ಕೂಗಿದನು. ಆ ಅರ್ಧ ಪದಕ್ಕೆ ನಾನು ಸೋತುಹೋದೆನು.

ನಮ್ಮ ಯಜಮಾನರು ಕೈಯೆತ್ತಿದವರಲ್ಲ, ಕುಡಿಯುವವರಲ್ಲ. ನೆರೆಹೊರೆಯವರ ಬಾಯಲ್ಲಿ ಬಹಳ ಅಚ್ಚುಕಟ್ಟಿನ ಮನುಷ್ಯರು. ಅಚ್ಚುಕಟ್ಟು ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು ಜೊತೆಯಲ್ಲಿ ಬಾಳಿದವರೇ ಬಲ್ಲರು. ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ. ಕೃಷ್ಣರಾಜಪುರದ ಶಾಲೆಯೊಂದರಲ್ಲಿ ಪಾಠ ಹೇಳಿ ನಾನು ಗಳಿಸಿದ ಸಂಬಳ ಅವರ ಖಾತೆಗೆ. ರಸೆಲ್ ಮಾರುಕಟ್ಟೆಯಿಂದ ತಂದ ಹೂವು ಹಣ್ಣುಗಳಿಗೆ ರಾತ್ರಿ ಊಟವಾದ ಮೇಲೆ ಲೆಕ್ಕವೊಪ್ಪಿಸಬೇಕು. ತವರಿನವರೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಅವರು ಎದುರಿಗೇ ಕುಳಿತಿರುವರು. ತಪ್ಪಿದರೆ ಬೈಗುಳವಿಲ್ಲ, ಮೌನ. ಮೂರು ದಿನ, ಕೆಲವು ವೇಳೆ ಎಂಟು ದಿನ. ಕೊನೆಗೆ ನಾನೇ ಕ್ಷಮೆ ಬೇಡುವೆನು, ಯಾವ ತಪ್ಪಿಗೆಂದು ತಿಳಿಯದೆ.

ಮೊದಲು ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆನು. ಟಿನ್ ಫ್ಯಾಕ್ಟರಿಯ ಬಳಿಯ ವಾಹನಗಳ ದಟ್ಟಣೆಯನ್ನು ಊರೆಲ್ಲ ಶಪಿಸುತ್ತದೆ. ನಾನೊಬ್ಬಳು ಅದನ್ನು ಹರಸುತ್ತಿದ್ದೆನು. ಬಸ್ಸು ಅಲ್ಲಿ ನಿಂತ ಅರ್ಧ ಗಂಟೆಗೆ ನಾನು ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ. 2023ನೆಯ ಇಸವಿ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೋ ಕೂಡಿಕೊಂಡಿತು. ಊರಿಗೆ ಸೌಕರ್ಯವಾಯಿತು, ನನ್ನ ಅರ್ಧ ಗಂಟೆ ಹೋಯಿತು. ರೈಲು ಎಷ್ಟು ನಿಮಿಷಕ್ಕೆ ಹಲಸೂರು ಮುಟ್ಟುವುದೆಂಬುದನ್ನು ಅವರು ಗುರುತುಹಾಕಿಕೊಂಡರು.

ಬಿಟ್ಟುಹೋಗಬಾರದಾಗಿತ್ತೆ ಎಂದು ವಾಚಕರು ಕೇಳಬಹುದು. ಎಲ್ಲಿಗೆ ಹೋಗುವುದೆಂಬುದು ತೊಡಕಾಗಿರಲಿಲ್ಲ. ತವರಿನ ಬಾಗಿಲು ತೆರೆದೇ ಇತ್ತು. ಯಾರನ್ನು ಬಿಟ್ಟು ಹೋಗುವುದೆಂಬುದೇ ತೊಡಕು. “ಹೋಗು, ಮಕ್ಕಳು ನನ್ನವು” ಎಂಬುದು ಅವರ ಅಸ್ತ್ರ. ಅದು ಬರಿಯ ಬೆದರಿಕೆಯೂ ಅಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಶಾಸನವು ಸಹಜ ಪೋಷಕರನ್ನು ಹೆಸರಿಸುವಾಗ, ತಾಯಿಯೆಂಬ ಮಾತಿನಲ್ಲಿ ಮಲತಾಯಿ ಸೇರಳೆಂದು ಬಿಡಿಸಿಯೇ ಹೇಳಿದೆ.

ಕಳೆದ ಶ್ರಾವಣದಲ್ಲಿ ಒಂದು ಸಂಜೆ ಹುಡುಗಿಯ ಚೀಲದಿಂದ ಊಟದ ಡಬ್ಬಿಯನ್ನು ತೆಗೆಯುತ್ತಿದ್ದಾಗ ಒಂದು ಸಣ್ಣ ಪುಸ್ತಕ ಸಿಕ್ಕಿತು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಸೋಮವಾರ, ಚಿಕ್ಕಮ್ಮ ಬಂದದ್ದು 4-50. ಮಂಗಳವಾರ, 4-40, ಫೋನಿನಲ್ಲಿ ಮಾತು, 10 ನಿಮಿಷ. “ಅಪ್ಪ ಬರೆಯೆಂದರು” ಎಂದಳು, ಶಾಲೆಯ ಪಾಠದಷ್ಟೇ ಸಹಜವಾಗಿ. ಅದೇ ವಾರ ಹುಡುಗನು ಅಕ್ಕನ ಬಣ್ಣದ ಪೆಟ್ಟಿಗೆಗೆ ದಾರ ಬಿಗಿದು, ಬೇಕಾದರೆ ತನ್ನನ್ನು ಕೇಳಬೇಕೆಂದು ಅಪ್ಪಣೆ ಮಾಡಿದನು. ಅವಳು ಅಳಲಿಲ್ಲ, ಜಗಳವಾಡಲಿಲ್ಲ, ತಲೆತಗ್ಗಿಸಿ ಕೇಳಿದಳು. ಆ ತಲೆತಗ್ಗಿಸುವ ರೀತಿ ನನ್ನದು. ಮಕ್ಕಳಿಗೋಸ್ಕರ ಸಹಿಸುತ್ತಿದ್ದೇನೆಂದು ನಾನು ಹೆಮ್ಮೆಪಟ್ಟುಕೊಂಡಿದ್ದೆನು. ಒಬ್ಬನಿಗೆ ಆಳುವುದನ್ನೂ ಒಬ್ಬಳಿಗೆ ಬಾಗುವುದನ್ನೂ ನಾವಿಬ್ಬರೂ ಸೇರಿ ಕಲಿಸುತ್ತಿದ್ದೆವು.

ಇಂದಿರಾನಗರದ ವಕೀಲೆಯೊಬ್ಬರನ್ನು ಕಂಡೆನು. ಕೌಟುಂಬಿಕ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ 2005ರ ಶಾಸನವು ಹೊಡೆತವೊಂದನ್ನೇ ಹಿಂಸೆಯೆಂದು ಎಣಿಸಿಲ್ಲ. ಹಣವನ್ನು ಕೈಗೆ ಸಿಗದಂತೆ ಮಾಡುವುದೂ ಮನಸ್ಸನ್ನು ನೋಯಿಸುವುದೂ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗುಂಟು. ಮೇಲಾಗಿ, ಮಗುವೆಂದರೆ ಯಾರೆಂಬುದನ್ನು ಹೇಳುವಾಗ ಆ ಶಾಸನವು ಮಲಮಕ್ಕಳನ್ನೂ ಸೇರಿಸಿದೆ; ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ನೊಂದವಳ ವಶಕ್ಕೆ ಕೊಡಬಹುದು. “ಕೊಡಲೇಬೇಕೆಂದಲ್ಲ” ಎಂದು ಆಕೆ ಎಚ್ಚರಿಸಿದರು. ಒಂದು ಶಾಸನ ಮುಚ್ಚಿದ ಬಾಗಿಲನ್ನು ಇನ್ನೊಂದು ಬೆರಳು ತೂರುವಷ್ಟು ತೆರೆದಿತ್ತು.

ನಾನು ನ್ಯಾಯಾಲಯದ ಮೆಟ್ಟಿಲೇರಲಿಲ್ಲ. ದಾರಿಯುಂಟೆಂಬ ತಿಳಿವೇ ಬೆನ್ನನ್ನು ನೆಟ್ಟಗೆ ಮಾಡಿತು. ನನ್ನ ಹೆಸರಿನಲ್ಲಿ ಖಾತೆ ತೆರೆದು, ಅವರಿಗೆ ಎರಡೇ ಮಾತು ಹೇಳಿದೆನು: ಸಂಬಳ ನನ್ನಲ್ಲಿರುತ್ತದೆ, ಮನೆಯ ಖರ್ಚಿಗೆ ಅರ್ಧ ಕೊಡುತ್ತೇನೆ, ಮಗು ಇನ್ನು ಆ ಪುಸ್ತಕ ಬರೆಯಕೂಡದು. ಈ ಸಲ ಮೌನವು ಇಪ್ಪತ್ತೊಂದು ದಿನ ನಡೆಯಿತು. ನಾನು ಕ್ಷಮೆ ಬೇಡಲಿಲ್ಲ. ಇಪ್ಪತ್ತೆರಡನೆಯ ದಿನ, ಸಾರಿಗೆ ಉಪ್ಪು ಕಡಿಮೆಯೆಂದು ಅವರೇ ಮಾತೆತ್ತಿದರು. ಕೈಯೆತ್ತುವ ಗಂಡನ ಮುಂದೆ ಈ ಉಪಾಯ ಸಲ್ಲದು. ಅಂಥ ಮನೆಯ ಸೋದರಿಯರು 181ಕ್ಕೆ ಕರೆಮಾಡಿ ಸಹಾಯ ಪಡೆಯುವುದೇ ಮೇಲು.

ಅವರು ಬದಲಾದರೆಂದು ಹೇಳಲಾರೆ. ಬೀರುವಿನ ಬೀಗದ ಕೈ ಇನ್ನೂ ಅವರ ಜೇಬಿನಲ್ಲಿಯೇ ಇದೆ. ನಾಳೆ ಮನೆ ಬಿಡಬೇಕಾಗಿಯೂ ಬರಬಹುದು. ಆದರೆ ನಿನ್ನೆ ಸಂಜೆ ಹುಡುಗಿಯು ತನ್ನ ಪೆಟ್ಟಿಗೆಯ ದಾರವನ್ನು ಬಿಚ್ಚಿ ತಮ್ಮನ ಕೈಗಿಟ್ಟು, “ಪೆಟ್ಟಿಗೆ ನನ್ನದು. ಬಣ್ಣ ಬೇಕಾದರೆ ನೀನೂ ತೆಗೆದುಕೊ” ಎಂದಳು. ಅವನು ಒಂದು ಕ್ಷಣ ನನ್ನ ಮುಖ ನೋಡಿದನು. ಬಳಿಕ ನೀಲಿಯನ್ನು ತೆಗೆದುಕೊಂಡು ಅವಳ ಪಕ್ಕದಲ್ಲಿ ಕುಳಿತನು.