ಒಂಬತ್ತು ದ್ವೀಪಗಳೂ ಹನ್ನೆರಡು ದಿನಗಳೂ

ಮೂವತ್ತಮೂರು ವರ್ಷಗಳ ಕಾಲ ಶಾಲೆಯ ಗೋಡೆಗೆ ಭೂಪಟವನ್ನು ತೂಗುಹಾಕಿ, ಕೋಲು ಹಿಡಿದು, ನಾನೇ ಕಾಣದ ದೇಶಗಳನ್ನು ಮಕ್ಕಳಿಗೆ ತೋರಿಸಿಕೊಟ್ಟವನು ನಾನು. ಸಂಸ್ಕೃತವೇ ನನ್ನ ಮುಖ್ಯ ವಿಷಯವಾಗಿದ್ದರೂ ಸಣ್ಣ ಊರಿನ ಶಾಲೆಯಾದ ಕಾರಣ ಭೂಗೋಳವನ್ನೂ ಹೇಳಿಕೊಡಬೇಕಾಗುತ್ತಿದ್ದಿತು. ಅಟ್ಲಾಂಟಿಕ್ ಮಹಾಸಾಗರದ ನೀಲಿಯ ನಡುವೆ ನೊಣ ಕುಳಿತಂತೆ ತೋರುವ ಕೆಲವು ಚುಕ್ಕೆಗಳ ಬಳಿಗೆ ಕೋಲು ಬಂದಾಗ, “ಇವು ಅಜೋರ್ಸ್ ದ್ವೀಪಗಳು; ಪೋರ್ಚುಗಲ್ ದೇಶಕ್ಕೆ ಸೇರಿದವು; ಅಗ್ನಿಪರ್ವತಗಳಿಂದ ಹುಟ್ಟಿದವು” ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಸಾಗುತ್ತಿದ್ದೆನು. ಆ ಚುಕ್ಕೆಗಳ ಮೇಲೆ ಕಾಲಿಡುವ ಯೋಗ ನನ್ನ ಪಾಲಿಗೆ ಬಂದೀತೆಂದು ಆಗ ಯಾರಾದರೂ ನುಡಿದಿದ್ದರೆ ನಕ್ಕುಬಿಡುತ್ತಿದ್ದೆನು.

ಕಳೆದ ದೀಪಾವಳಿಯಲ್ಲಿ, ಲಿಸ್ಬನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ದೂರವಾಣಿಯಲ್ಲಿ, “ಅಪ್ಪಾ, ಬರುವ ಜೂನ್ ತಿಂಗಳಲ್ಲಿ ನನಗೆ ಹನ್ನೆರಡು ದಿನ ಬಿಡುವಿದೆ. ನೀವೂ ಆಯಿಯೂ ಬನ್ನಿ. ಮೂವರೂ ಕೂಡಿ ಅಜೋರ್ಸಿಗೆ ಹೋಗೋಣ. ಏನೇನು ನೋಡಬೇಕೆಂಬುದನ್ನು ನೀವೇ ಗೊತ್ತುಮಾಡಿ” ಎಂದಳು. ನಮ್ಮ ಮನೆಯಲ್ಲಿ ಪ್ರಯಾಣವೆಂದರೆ ಮದುವೆ, ಮುಂಜಿ, ಉತ್ತರಕ್ರಿಯೆ, ಇಲ್ಲವೆ ಕ್ಷೇತ್ರದರ್ಶನ. ಕೇವಲ ವಿಹಾರಕ್ಕೆಂದು ಬಾಗಿಲಿಗೆ ಬೀಗ ಹಾಕಿದ ದಿನ ನಮ್ಮ ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಒಂದೂ ಇಲ್ಲ. ಆದುದರಿಂದ ಮಗಳು ವಹಿಸಿದ ಕಾರ್ಯವನ್ನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಶ್ರದ್ಧೆಯಿಂದಲೇ ಕೈಗೊಂಡೆನು.

ಮೊದಲು ದ್ವೀಪಗಳ ವಿಚಾರ. ಇವು ಲಿಸ್ಬನ್ನಿನಿಂದ ಪಶ್ಚಿಮಕ್ಕೆ ಸುಮಾರು ೧,೪೫೦ ಕಿಲೋಮೀಟರು ದೂರದಲ್ಲಿವೆ, ಸಂಖ್ಯೆಯಲ್ಲಿ ಒಂಬತ್ತು. ಪೂರ್ವದಲ್ಲಿ ಸಾಂತಾ ಮರಿಯಾ ಮತ್ತು ಸಾವ್ ಮಿಗೆಲ್. ನಡುವೆ ತೆರ್ಸೇರಾ, ಗ್ರಸಿಯೋಜ, ಸಾವ್ ಜೋರ್ಜ್, ಪೀಕೊ, ಫಯಾಲ್. ಪಶ್ಚಿಮದ ಕೊನೆಯಲ್ಲಿ ಫ್ಲೋರೆಸ್ ಮತ್ತು ಕೊರ್ವೊ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ೬೦೦ ಕಿಲೋಮೀಟರು. ಅಮೆರಿಕ, ಯೂರೋಪು, ಆಫ್ರಿಕಗಳನ್ನು ಹೊತ್ತ ಮೂರು ಭೂಫಲಕಗಳು ಈ ಸಮುದ್ರದ ತಳದಲ್ಲಿ ಸಂಧಿಸುತ್ತವೆ. ಆ ಸಂಧಿಯ ಬಿರುಕುಗಳಿಂದ ಉಕ್ಕಿದ ಶಿಲಾದ್ರವವೇ ಹೆಪ್ಪುಗಟ್ಟಿ, ರಾಶಿಯಾಗಿ ಬೆಳೆದು, ನೀರಿನ ಮೇಲಕ್ಕೆ ತಲೆಯೆತ್ತಿ ದ್ವೀಪಗಳಾಯಿತು. ಹದಿನೈದನೆಯ ಶತಮಾನದಲ್ಲಿ ಪೋರ್ಚುಗೀಸರು ಬಂದು ನೆಲಸುವಾಗ ಇಲ್ಲಿ ಜನವಸತಿ ಇದ್ದಿಲ್ಲ. ೧೯೭೬ರಿಂದ ಇದು ಪೋರ್ಚುಗಲ್ಲಿನ ಸ್ವಯಮಾಡಳಿತ ಪ್ರಾಂತವಾಗಿದೆ. ೨೦೨೧ರ ಗಣತಿಯಂತೆ ಒಂಬತ್ತು ದ್ವೀಪಗಳಲ್ಲೂ ಕೂಡಿ ಸುಮಾರು ೨,೩೬,೦೦೦ ಜನರು. ಹೆಸರುಗಳಾದರೋ ಬಹು ಸರಳ: ಕೊರ್ವೊ ಎಂದರೆ ಕಾಗೆ, ಫ್ಲೋರೆಸ್ ಎಂದರೆ ಹೂಗಳು, ಪೀಕೊ ಎಂದರೆ ಶಿಖರ. ತೆರ್ಸೇರಾ ಎಂದರೆ ಮೂರನೆಯದು. ಲ್ಯಾಟಿನ್ನಿನ ಮೂಲಕ ನಮ್ಮ ‘ತೃತೀಯಾ’ ಶಬ್ದಕ್ಕೆ ಜ್ಞಾತಿಯಾದ ಪದವಿದು.

ಇಷ್ಟು ತಿಳಿದುಕೊಂಡ ಬಳಿಕ ದೊಡ್ಡ ಹಾಳೆಯೊಂದರಲ್ಲಿ ಅಡ್ಡಗೆರೆ ಉದ್ದಗೆರೆಗಳನ್ನೆಳೆದು ಕಾರ್ಯಕ್ರಮವನ್ನು ಬರೆದೆನು. ಹನ್ನೆರಡು ದಿನಗಳಲ್ಲಿ ಏಳು ದ್ವೀಪಗಳು. ಆರು ಸಲ ವಿಮಾನ, ಎರಡು ಸಲ ಹಡಗು. ಎಂಟನೆಯ ದಿನ ಪೀಕೊ ಪರ್ವತಾರೋಹಣ. ಒಂದು ಗಳಿಗೆಯೂ ವ್ಯರ್ಥವಾಗದಂತೆ ಸಿದ್ಧಪಡಿಸಿದ ಈ ಹಾಳೆಯನ್ನು, ತೆಂಗಿನಕಾಯಿ ತುರಿಯುತ್ತಿದ್ದ ಗೃಹಿಣಿಯ ಮುಂದೆ ಅಭಿಮಾನದಿಂದಲೇ ಹಿಡಿದೆನು.

ಆಕೆ ಕೈಯೊರೆಸಿಕೊಂಡು, ಕನ್ನಡಕವನ್ನೇರಿಸಿ, ಆದ್ಯಂತವಾಗಿ ಓದಿದಳು. “ಇದು ಪ್ರವಾಸವಲ್ಲ, ನಿಮ್ಮ ಶಾಲೆಯ ವೇಳಾಪತ್ರಿಕೆ. ಗಂಟೆ ಬಾರಿಸುವ ಜವಾನನೊಬ್ಬನು ಮಾತ್ರ ಇದರಲ್ಲಿಲ್ಲ” ಎಂದಳು. ಬಳಿಕ ಮೆಲ್ಲನೆ, “ನನ್ನ ಮೊಣಕಾಲು ಈ ಹಾಳೆಯಲ್ಲಿ ಎಲ್ಲಿಯೂ ಕಾಣುವುದಿಲ್ಲವಲ್ಲ. ನೀವೂ ಮಗಳೂ ಹೋಗಿಬನ್ನಿ. ನಾನು ಮನೆ ನೋಡಿಕೊಂಡಿರುತ್ತೇನೆ” ಎಂದಳು.

ಕೊನೆಯ ಈ ಮಾತನ್ನು ಆಕೆ ಆಡಿದುದು ಅದೇ ಮೊದಲಲ್ಲ. ಶಾಲೆಯ ಮಕ್ಕಳನ್ನು ನಾನು ಹಂಪೆಗೆ, ಬಾದಾಮಿಗೆ, ಬೇಲೂರಿಗೆ ಕರೆದೊಯ್ದಾಗಲೆಲ್ಲ ಅದೇ ಮಾತು ಆಡಿದ್ದಳು. ಪ್ರತಿಸಲವೂ ನಾನು “ಹಾಗೆಯೇ ಆಗಲಿ” ಎಂದು ಹೊರಟುಹೋಗಿದ್ದೆನು. ಪರರ ಮಕ್ಕಳು ನೂರಾರು ಮಂದಿ ನನ್ನೊಡನೆ ಹಂಪೆಯನ್ನು ನೋಡಿದ್ದಾರೆ. ನನ್ನ ಮನೆಯಾಕೆ ಇಂದಿಗೂ ನೋಡಿಲ್ಲ. ಈ ಸಲವೂ “ಹಾಗೆಯೇ ಆಗಲಿ” ಎಂದೆನಾದರೆ ಮತ್ತೊಂದು ಅವಕಾಶ ಬರಲಿಕ್ಕಿಲ್ಲವೆಂಬುದು ಆ ಕ್ಷಣದಲ್ಲಿ ಮನಸ್ಸಿಗೆ ನಾಟಿತು. ಹಾಳೆಯನ್ನು ಮಡಿಸಿ, “ನೀನು ಬಾರದಿದ್ದರೆ ನಾನೂ ಹೋಗುವುದಿಲ್ಲ. ಇಬ್ಬರೂ ಕುಳಿತು ಬೇರೆ ಹಾಳೆ ಬರೆಯೋಣ” ಎಂದೆನು.

ಮರುದಿನ ಮಗಳನ್ನು ವಿಚಾರಿಸಲಾಗಿ, ಆಯಿಯ ಮೊಣಕಾಲೂ ಅಟ್ಲಾಂಟಿಕ್ಕಿನ ಮೋಡಗಳೂ ಒಂದೇ ಬುದ್ಧಿವಾದವನ್ನು ಹೇಳುತ್ತಿವೆಯೆಂದು ತಿಳಿದುಬಂದಿತು. ‘ಒಂದೇ ದಿನದಲ್ಲಿ ನಾಲ್ಕು ಋತುಗಳು’ ಎಂಬುದು ಆ ದ್ವೀಪವಾಸಿಗಳ ಮಾತಂತೆ. ಬೆಳಗಿನ ಬಿಸಿಲು ಹತ್ತು ಗಂಟೆಗೆ ಮಂಜಾಗಿ, ಮಧ್ಯಾಹ್ನ ಮಳೆಯಾಗಿ, ಸಂಜೆಗೆ ಮತ್ತೆ ಬಿಸಿಲಾಗುವುದು ಅಲ್ಲಿ ಸಾಮಾನ್ಯ. ದ್ವೀಪದಿಂದ ದ್ವೀಪಕ್ಕೆ ಹಾರುವ ಸಣ್ಣ ವಿಮಾನಗಳು ಗಾಳಿ ಬಿರುಸಾದರೆ, ಮಂಜು ಕವಿದರೆ ನಿಂತುಬಿಡುವುದುಂಟು. ದಿನಕ್ಕೊಂದು ದ್ವೀಪವನ್ನು ಪೋಣಿಸಿದವನ ಸರದಲ್ಲಿ ಒಂದು ಮಣಿ ಜಾರಿದರೆ ಉಳಿದವೂ ಚೆಲ್ಲಾಪಿಲ್ಲಿಯೇ ಸರಿ. ಎತ್ತರದ ಸರೋವರವೊಂದನ್ನು ನೋಡಲು ಒಂದೇ ದಿನವನ್ನಿಟ್ಟುಕೊಂಡು ಹೋದವನು ಬಿಳಿಯ ಮೋಡವನ್ನಷ್ಟೇ ನೋಡಿ ಹಿಂದಿರುಗಬೇಕಾದೀತು. ಮೂರು ದಿನ ಕಾಯಬಲ್ಲವನಿಗೆ ಸರೋವರವು ತಾನಾಗಿ ತೆರೆಗೆ ಬರುತ್ತದೆ. ಆದಕಾರಣ ನಾವು ಮೂರೇ ದ್ವೀಪಗಳನ್ನು ಆರಿಸಿಕೊಂಡೆವು: ಸಾವ್ ಮಿಗೆಲಿಗೆ ಆರು ದಿನ, ಫಯಾಲಿಗೆ ಮೂರು, ತೆರ್ಸೇರಾಕ್ಕೆ ಮೂರು.

ಸಾವ್ ಮಿಗೆಲ್ ಎಲ್ಲಕ್ಕೂ ದೊಡ್ಡದು. ಮುಖ್ಯ ಪಟ್ಟಣವಾದ ಪೊಂತಾ ದೆಲ್ಗಾದಾದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರೆ ಅಲ್ಲಿಂದಲೇ ಎಲ್ಲವನ್ನೂ ನೋಡಬಹುದು. ಪಶ್ಚಿಮದಲ್ಲಿ ಸೆತೆ ಸಿದಾದೆಸ್, ಎಂದರೆ ‘ಸಪ್ತನಗರಿ’; ಅಗ್ನಿಪರ್ವತದ ವಿಶಾಲವಾದ ಬಾಯಿಯೊಳಗೆ ಒಂದು ಹಸುರು, ಒಂದು ನೀಲಿ, ಹೀಗೆ ಎರಡು ಬಣ್ಣಗಳಲ್ಲಿ ತೋರುವ ಜೋಡಿ ಸರೋವರ. ರಾಜಕುಮಾರಿಯೂ ಕುರಿಗಾಹಿಯೂ ಅಗಲುವಾಗ ಸುರಿಸಿದ ಕಣ್ಣೀರೇ ಈ ಸರೋವರಗಳಾಯಿತೆಂದು ಅಲ್ಲಿಯ ಜನಪದ ಕಥೆ. ಪೂರ್ವದಲ್ಲಿ ಫುರ್ನಾಸ್ ಕಣಿವೆ. ಇದೂ ಅಗ್ನಿಪರ್ವತದ ಕುಂಡವೇ. ಕಡೆಯ ಸ್ಫೋಟ ೧೬೩೦ರಲ್ಲಿ. ಇಂದಿಗೂ ನೆಲದಿಂದ ಆವಿ ಏಳುತ್ತದೆ, ಬುಗ್ಗೆಗಳು ಕುದಿಯುತ್ತವೆ. ಬೆಳಗಿನ ಜಾವದಲ್ಲಿ ಪಾತ್ರೆಗಳನ್ನು ಸರೋವರದ ದಡದ ಬಿಸಿನೆಲದಲ್ಲಿ ಹೂತು, ಸುಮಾರು ಆರು ಗಂಟೆಗಳ ನಂತರ ಬೆಂದ ಅಡಿಗೆಯನ್ನು ಎತ್ತುತ್ತಾರೆ. ಅದರಲ್ಲಿ ಮಾಂಸವೇ ಪ್ರಧಾನವಾದುದರಿಂದ ನಮಗೆ ಸಲ್ಲದು. ಆದರೆ ಕುದಿಬುಗ್ಗೆಗಳಲ್ಲಿ ಬೇಯಿಸಿದ ಮೆಕ್ಕೆಜೋಳದ ತೆನೆಗಳನ್ನೂ ಅಲ್ಲಿ ಮಾರುತ್ತಾರೆ. ಆ ಕಣಿವೆಯ ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಪ್ರಸಿದ್ಧವಾದ ಗಡ್ಡೆಯೊಂದಿದೆ. ಅದು ಬೇರಾವುದೂ ಅಲ್ಲ, ನಮ್ಮ ಹಿತ್ತಿಲಿನ ಕೆಸುವಿನ ಗಡ್ಡೆಯೇ! “ಉಪ್ಪು ಹುಳಿ ನಾನು ತರುತ್ತೇನೆ” ಎಂದು ಗೃಹಿಣಿಯು ಆಗಲೇ ಉತ್ಸಾಹಗೊಂಡಳು.

ಉತ್ತರ ತೀರದ ಗೊರ್ರೆಯಾನಾ ಎಂಬಲ್ಲಿ ೧೮೮೩ರಿಂದ ನಡೆದುಬಂದ ಚಹಾ ತೋಟವಿದೆ. ೧೮೭೮ರಲ್ಲಿ ಮಕಾವಿನಿಂದ ಇಬ್ಬರು ಚೀನೀಯರನ್ನು ಕರೆಯಿಸಿ ಎಲೆ ಹದಮಾಡುವ ವಿದ್ಯೆಯನ್ನು ದ್ವೀಪದವರು ಕಲಿತರಂತೆ. ಗಾಜಿನ ಮನೆಗಳಲ್ಲಿ ಬೆಳೆಯುವ ಅನಾನಸೂ ಇಲ್ಲಿ ಹೆಸರಾದುದು. ಅದನ್ನವರು ‘ಅನನಾಸ್’ ಎನ್ನುತ್ತಾರೆ, ಚಹಾವನ್ನು ‘ಶಾ’ ಎನ್ನುತ್ತಾರೆ. ಪರಭಾಷೆಯ ನಾಡಿನಲ್ಲಿ ಬಾಯಿ ಕಟ್ಟಿಹೋಗುವುದೆಂದು ಹೆದರಿದ್ದ ಆಕೆಗೆ ಮೇಜು, ಚಾವಿ, ಸಾಬೂನು, ಪಾದ್ರಿ ಮುಂತಾದ ನಮ್ಮ ಮನೆಮಾತುಗಳು ಪೋರ್ಚುಗೀಸರಿಂದಲೇ ಬಂದವೆಂದು ಹೇಳಲಾಗಿ, “ಹಾಗಾದರೆ ಅರ್ಧ ಸಂಸಾರ ನಡೆದೀತು” ಎಂದಳು.

ಅಷ್ಟರಲ್ಲಿ ಆಕೆಯೇ ಒಂದು ಪ್ರಶ್ನೆಯನ್ನೆತ್ತಿದಳು: “ಬೆಂಕಿಯ ಮೇಲೆ ಮನೆ ಕಟ್ಟಿಕೊಂಡವರಿಗೆ ನಿದ್ರೆ ಹೇಗೆ ಬರುತ್ತದೆ?” ಈ ಪ್ರಶ್ನೆಯನ್ನು ಹಾರಿಸಿಬಿಡುವಂತಿರಲಿಲ್ಲ. ೨೦೨೨ರ ಮಾರ್ಚ್ ತಿಂಗಳಲ್ಲಿ ಸಾವ್ ಜೋರ್ಜ್ ದ್ವೀಪದಲ್ಲಿ ಸಾವಿರಾರು ಸಣ್ಣ ಕಂಪನಗಳುಂಟಾಗಿ ಅನೇಕರು ಊರು ಬಿಟ್ಟು ಹೋಗಿದ್ದರು, ಸ್ಫೋಟವೇನೂ ಆಗಲಿಲ್ಲ. ಆದರೆ ಆಗಿಯೇ ಹೋದ ಸ್ಫೋಟವೊಂದರ ಕುರುಹು ಫಯಾಲ್ ದ್ವೀಪದಲ್ಲಿದೆ. ೧೯೫೭ರ ಸೆಪ್ಟೆಂಬರ್ ೨೭ರಂದು, ದ್ವೀಪದ ಪಶ್ಚಿಮ ತುದಿಯ ಕಪೆಲಿಞೋಸ್ ಎಂಬಲ್ಲಿ, ದೀಪಸ್ತಂಭಕ್ಕೆ ಎದುರಾಗಿ ಸಮುದ್ರವೇ ಕುದಿಯತೊಡಗಿತು. ೧೯೫೮ರ ಅಕ್ಟೋಬರ್ ೨೪ರ ವರೆಗೆ, ಹದಿಮೂರು ತಿಂಗಳ ಕಾಲ, ಬೂದಿಯೂ ಶಿಲಾದ್ರವವೂ ಉಕ್ಕಿದವು. ನೂರಾರು ಮನೆಗಳು ಹಾಳಾದವು. ಹೊಲಗಳು ಬೂದಿಯಲ್ಲಿ ಹೂತುಹೋದವು. ದೀಪಸ್ತಂಭದ ಕೆಳಅಂತಸ್ತು ಮುಚ್ಚಿಹೋಯಿತು. ಸಮುದ್ರವಿದ್ದ ಎಡೆಯಲ್ಲಿ ಹೊಸ ನೆಲ ಹುಟ್ಟಿತು. ಅದರ ಬಹುಪಾಲನ್ನು ಅಲೆಗಳು ಅಂದಿನಿಂದ ತಿಂದುಹಾಕಿವೆ. ನೆಲ ಕಳೆದುಕೊಂಡವರಿಗಾಗಿ ೧೯೫೮ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ವಿಶೇಷ ಶಾಸನವೊಂದನ್ನು ಮಾಡಿ ೧,೫೦೦ ಪ್ರವೇಶಪತ್ರಗಳನ್ನು ಕೊಟ್ಟಿತು. ಮುಂದೆ ಇನ್ನೂ ಹೆಚ್ಚು ಮಂದಿಗೆ ದಾರಿಯಾಯಿತು. ಹೀಗೆ ಫಯಾಲಿನ ಜನ ಬಹುಸಂಖ್ಯೆಯಲ್ಲಿ ಸಮುದ್ರದಾಚೆಗೆ ಹೋದರು.

ದೀಪಸ್ತಂಭವು ಇಂದಿಗೂ ಬೂದಿಯ ಮೇಲೆ ನಿಂತಿದೆ. ೨೦೦೮ರಲ್ಲಿ ಅದರ ಬಳಿ ನೆಲದಡಿಯಲ್ಲಿ ಪ್ರದರ್ಶನಾಲಯವೊಂದನ್ನು ತೆರೆದಿದ್ದಾರೆ. ಪ್ರವಾಸಿಗರಿಗೆ ವಿಚಿತ್ರ ದೃಶ್ಯವಾದುದು ಅಲ್ಲಿಯವರಿಗೆ ಕಳೆದುಹೋದ ಮನೆಗಳ ಗುರುತು. ಅಲ್ಲಿ ತಮಾಷೆ ನೋಡುವವರಂತೆ ಹೋಗಬಾರದು, ದುಃಖ ಕಂಡ ಮನೆಗೆ ಹೋಗುವಂತೆ ಹೋಗಬೇಕೆಂದು ನಾವಿಬ್ಬರೂ ಒಪ್ಪಿದೆವು. ಗೃಹಿಣಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ: “ನಮ್ಮ ಕರಾವಳಿಯವರಿಗೆ ಸಮುದ್ರ ಹೇಗೋ ಅವರಿಗೆ ಬೆಂಕಿ ಹಾಗೆ. ಹೆದರಿಕೆ ಇದ್ದೇ ಇದೆ; ಆದರೂ ಆ ಬೂದಿಯೇ ಮಣ್ಣಾಗಿ ಹುಲ್ಲು ಬೆಳೆದು ಹಸುಗಳನ್ನು ಸಾಕುತ್ತಿದೆ.”

ಫಯಾಲಿನ ಹೋರ್ತಾ ಬಂದರಿನ ಎದುರಿಗೇ, ಕಿರಿದಾದ ಕಡಲ ಕಾಲುವೆಯ ಆಚೆ, ಪೀಕೊ ಪರ್ವತ ನಿಂತಿದೆ. ಅದರ ಎತ್ತರ ೨,೩೫೧ ಮೀಟರು. ಪೋರ್ಚುಗಲ್ ರಾಜ್ಯದಲ್ಲೆಲ್ಲ ಅದೇ ಉನ್ನತ ಶಿಖರ. ಸುಮಾರು ೧,೨೦೦ ಮೀಟರಿನವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಹತ್ತಿ ಇಳಿಯಲು ಏಳೆಂಟು ಗಂಟೆ ಬೇಕು. ಅದನ್ನು ಬಿಡುವುದು ನನಗೆ ಕಷ್ಟವಾಯಿತೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆನು. ಆದರೆ ಆರೋಹಣವು ಒಬ್ಬನದು. ಹೋರ್ತಾದ ದಡದ ಕಲ್ಲುಕಟ್ಟೆಯ ಮೇಲೆ ಕುಳಿತು ಆ ಶಿಖರವು ಮೋಡದಿಂದ ಹೊರಬರುವುದನ್ನು ಕಾಯುವುದು ಮೂವರದು. ಆ ಕಟ್ಟೆಯ ಮೇಲೆ, ಸಾಗರವನ್ನು ದಾಟುವ ನಾವಿಕರು ಶುಭವಾಗಲೆಂದು ತಮ್ಮ ನೌಕೆಯ ಹೆಸರನ್ನೂ ಚಿತ್ರವನ್ನೂ ಬರೆದುಹೋಗುವ ವಾಡಿಕೆಯಿದೆ. ನೋಡುತ್ತ ಕುಳಿತುಕೊಳ್ಳಲು ಅದೂ ಒಂದಾಯಿತು.

ಕೊನೆಯದು ತೆರ್ಸೇರಾ. ಇದಕ್ಕೆ ನಮ್ಮ ಕರಾವಳಿಯ ಸಂಬಂಧವೂ ಒಂದಿದೆ. ವಾಸ್ಕೊ ದ ಗಾಮನು ೧೪೯೮ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಕಾರವಾರದ ಸಮೀಪದ, ಈಗ ಆಡಳಿತದಿಂದ ಗೋವೆಗೆ ಸೇರಿದ, ಅಂಜದಿವ ದ್ವೀಪದಲ್ಲಿ ತಂಗಿ ತನ್ನ ಹಡಗುಗಳನ್ನು ಸರಿಪಡಿಸಿಕೊಂಡನು. ಆ ಪ್ರಯಾಣದಲ್ಲಿ ಜೊತೆಗಿದ್ದ ಅವನ ಅಣ್ಣ ಪಾವ್ಲೊ ದ ಗಾಮನು ದಾರಿಯಲ್ಲಿ ಕಾಯಿಲೆ ಬಿದ್ದನು. ಗಾಮನು ಅವನನ್ನು ತೆರ್ಸೇರಾಕ್ಕೆ ಕರೆತಂದನು. ೧೪೯೯ರಲ್ಲಿ ಅವನು ಅಲ್ಲಿಯೇ ಮೃತನಾಗಿ ಅಂಗ್ರಾ ಪಟ್ಟಣದ ಫ್ರಾನ್ಸಿಸ್ಕನ್ ಮಠದಲ್ಲಿ ಸಮಾಧಿಗೊಂಡನು. ಇಂಡಿಯಾಕ್ಕೆ ಜಲಮಾರ್ಗವನ್ನು ಕಂಡವನೆಂದು ಪಾಠ ಹೇಳುವಾಗ ಈ ಅಣ್ಣನನ್ನು ನಾನು ಎಂದೂ ನೆನೆದವನಲ್ಲ. ಮುಂದೆ ನಮ್ಮ ಮೆಣಸನ್ನು ಹೊತ್ತ ಹಡಗುಗಳಿಗೆ ಅಂಗ್ರಾ ತಂಗುದಾಣವಾಯಿತು. ೧೯೮೦ರ ಜನವರಿ ೧ರ ಭೂಕಂಪದಲ್ಲಿ ಈ ಪಟ್ಟಣವು ಬಹಳವಾಗಿ ನಾಶವಾಯಿತು. ಜನರು ಹಳೆಯ ರೀತಿಯಲ್ಲಿಯೇ ಮತ್ತೆ ಕಟ್ಟತೊಡಗಿದರು. ೧೯೮೩ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ಲೋಕದ ಪರಂಪರಾಸ್ಥಾನಗಳಲ್ಲಿ ಸೇರಿಸಿತು.

ಇಂತಹ ಪ್ರವಾಸವನ್ನು ಯೋಚಿಸುವ ಗೃಹಸ್ಥರಿಗೆ ನಾಲ್ಕು ಮಾತು. ದ್ವೀಪಗಳಿಗೆ ಬೇರೆ ವೀಸಾ ಬೇಡ. ಪೋರ್ಚುಗಲ್ಲಿಗೆ ದೊರೆಯುವ ಷೆಂಗೆನ್ ವೀಸಾವೇ ಸಾಕು. ಅದಕ್ಕೆ ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಕಡಿಮೆ. ಆದರೂ ಮಳೆಯಂಗಿ, ಉಣ್ಣೆಯ ಅಂಗಿ, ಜಾರದ ಪಾದರಕ್ಷೆ ಜೊತೆಯಲ್ಲಿರಬೇಕು. ಸಸ್ಯಾಹಾರಿಗಳು ಅಡಿಗೆಮನೆಯಿರುವ ಬಾಡಿಗೆಮನೆಯನ್ನೇ ಹಿಡಿಯುವುದು ಲೇಸು. ಹಾಲು, ಗಿಣ್ಣು, ರೊಟ್ಟಿ, ಹಣ್ಣುಗಳಿಗೆ ಕೊರತೆಯಿಲ್ಲ. ಸ್ವದೇಶಕ್ಕೆ ಹಿಂದಿರುಗುವ ದೊಡ್ಡ ವಿಮಾನಕ್ಕೂ ದ್ವೀಪದಿಂದ ಹೊರಡುವ ವಿಮಾನಕ್ಕೂ ನಡುವೆ ಒಂದೆರಡು ದಿನ ಲಿಸ್ಬನ್ನಿನಲ್ಲಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೋಡಬೇಕಾದುದರ ಪಟ್ಟಿಯನ್ನು ಬರೆದ ಮೇಲೆ ಅದರ ಅರ್ಧವನ್ನು ಹೊಡೆದುಹಾಕಬೇಕು. ಹೊಡೆದುಹಾಕುವ ಕಡ್ಡಿಯನ್ನು ಜೊತೆಗೆ ಬರುವವರ ಕೈಗೆ ಕೊಡಬೇಕು.

ನಮ್ಮ ಹೊಸ ಹಾಳೆ ಈಗ ಅಡಿಗೆಮನೆಯ ಗೋಡೆಯ ಮೇಲಿದೆ. ಅದರ ಹನ್ನೆರಡು ಚೌಕಗಳಲ್ಲಿ ನಾಲ್ಕು ಖಾಲಿ. ನಿನ್ನೆ ನೆರೆಮನೆಯವರು ಬಂದು, “ಇಲ್ಲಿ ಏನೂ ಬರೆದಿಲ್ಲವಲ್ಲ, ಮಾಸ್ತರರೆ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗೃಹಿಣಿಯೆಂದಳು: “ಆ ದಿನ ಅವರಿಗೆ ರಜೆ.” ಹೊರಡಲು ಇನ್ನೂ ಕೆಲವು ತಿಂಗಳುಗಳಿವೆ, ಆಕೆ ಮಾತ್ರ ಮನೆಯ ಬೀಗಕ್ಕೆ ಈಗಾಗಲೇ ಎಣ್ಣೆ ಹಾಕಿಟ್ಟಿದ್ದಾಳೆ.