ನಾಲ್ಕು ಪ್ಲಗ್ಗಿಗೆ 7,351 ರೂಪಾಯಿ

ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ನನ್ನ ಕಾರು ಚಳಿಜ್ವರ ಬಂದವರ ಹಾಗೆ ನಡುಗೋಕೆ ಶುರುಮಾಡಿ ಹತ್ತು ದಿನ ಆಗಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಹನ್ನೆರಡು ವರ್ಷದ ಪೆಟ್ರೋಲ್ ಗಾಡಿ. ವಯಸ್ಸಾಗಿದೆ, ನಡುಗತ್ತೆ ಅಂತ ಸುಮ್ಮನಿದ್ದೆ. ಗುರುವಾರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ಲೈಟು ಮಿಣುಕೋಕೆ ಶುರುವಾಯ್ತು. ಶನಿವಾರ ಹಾಸನಕ್ಕೆ ಹೋಗಿ ಅಪ್ಪನನ್ನು ಕರ್ಕೊಂಡು ಬರಬೇಕಿತ್ತು. ಸೋಮವಾರ ಅವರ ಕಣ್ಣಿನ ಪೊರೆ ಆಪರೇಷನ್.

ದೊಡ್ಡ ಸರ್ವೀಸ್ ಸೆಂಟರ್‌ಗೇ ಹೋದೆ. ಸ್ಕ್ಯಾನರ್ ಚುಚ್ಚಿ ನೋಡಿ, 'ಮಿಸ್‌ಫೈರ್ ಮೇಡಂ, ಸ್ಪಾರ್ಕ್ ಪ್ಲಗ್ ಹೋಗಿದೆ' ಅಂದರು. ಐದು ನಿಮಿಷದಲ್ಲಿ ವಾಟ್ಸಾಪಿಗೆ ಎಸ್ಟಿಮೇಟ್ ಬಂತು. ಇರಿಡಿಯಂ ಪ್ಲಗ್ ನಾಲ್ಕು, ಒಂದಕ್ಕೆ 820ರಂತೆ 3,280. ಇಂಜೆಕ್ಟರ್ ಕ್ಲೀನಿಂಗ್ 1,450, ಥ್ರಾಟಲ್ ಬಾಡಿ ಕ್ಲೀನಿಂಗ್ 1,100, ಲೇಬರ್ 900, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 7,351. ಬಾನೆಟ್ ಎತ್ತಿದ್ದರು, ಆದರೆ ಒಂದೇ ಒಂದು ಪ್ಲಗ್ ಬಿಚ್ಚಿ ನೋಡಿರಲಿಲ್ಲ. ಆ ತಿಂಗಳು ಅಪ್ಪನ ಲೆನ್ಸಿಗೆ ಅಂತ ಎತ್ತಿಟ್ಟ ದುಡ್ಡು ಬಿಟ್ಟರೆ ಅಕೌಂಟಲ್ಲಿ ಹೆಚ್ಚೇನೂ ಇರಲಿಲ್ಲ. 'ನಾಳೆ ಹೇಳ್ತೀನಿ' ಅಂತ ಹೊರಗೆ ಬಂದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿದವರು. ಈಗ ಎದುರಿಗೆ ಬರೋ ಗಾಡಿಯ ಲೈಟು ಬಿದ್ದರೆ ಏನೂ ಕಾಣಲ್ಲ. 'ಗಾಡಿ ಸ್ಟಾರ್ಟ್ ಮಾಡಿ ಫೋನ್ ಬಾನೆಟ್ ಹತ್ರ ಹಿಡಿ' ಅಂದರು. ಹಿಡಿದೆ.

'ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲ ಪುಟ್ಟಿ. ಆದ್ರೆ ಪ್ಲಗ್ಗಿನ ವಿಷ್ಯ ನನ್ನ ಕೇಳ್ಬೇಡ, ನಮ್ ಡೀಸೆಲ್ ಬಸ್ಸಿಗೆ ಪ್ಲಗ್ಗೇ ಇರ್ತಿರ್ಲಿಲ್ಲ. ಬಿಚ್ಚಿ ನೋಡ್ದೆ ದುಡ್ಡು ಕೇಳೋರ ಹತ್ರ ಮಾತ್ರ ಹೋಗ್ಬೇಡ. ನಾನು ಬೇಕಾದ್ರೆ ಬಸ್ಸಲ್ಲೇ ಬರ್ತೀನಿ.'

ಆ ಕಣ್ಣಲ್ಲಿ ಬಸ್ಸು ಹತ್ತಿ ಇಳಿಯೋದು ಬೇರೆ.

ಶುಕ್ರವಾರ ವರ್ಕ್ ಫ್ರಮ್ ಹೋಮ್. ನಮ್ಮ ರಸ್ತೆಯ ಕೊನೆಯಲ್ಲಿರೋ ಗ್ಯಾರೇಜಿಗೆ ಮೆಲ್ಲಗೆ ಓಡಿಸ್ಕೊಂಡು ಹೋದೆ. ಲೈಟು ಮಿಣುಕುವಾಗ ಜಾಸ್ತಿ ಓಡಿಸಬಾರದಂತೆ, ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೇ ಸುಟ್ಟುಬಿಡುತ್ತೆ. ಅದರ ಬೆಲೆ ಕೇಳಿದ ಮೇಲೆ ಹತ್ತು ದಿನ ಸುಮ್ಮನಿದ್ದಿದ್ದಕ್ಕೆ ನನಗೆ ನಾನೇ ಬೈದುಕೊಂಡೆ.

ಮೆಕ್ಯಾನಿಕ್ ತಕ್ಷಣ ಬಿಚ್ಚಲಿಲ್ಲ. 'ಎಂಜಿನ್ ತಣ್ಣಗಾಗ್ಲಿ ಮೇಡಂ. ಹೆಡ್ಡು ಅಲ್ಯೂಮಿನಿಯಂ, ಬಿಸಿಯಲ್ಲಿ ತಿರುಗಿಸಿದ್ರೆ ಥ್ರೆಡ್ ಕಿತ್ಕೊಂಡು ಬರತ್ತೆ.' ಒಂದು ಗಂಟೆ ಕಾದೆ. ಪಕ್ಕದ ಅಂಗಡಿ ಟೀ ಕುಡಿಯುತ್ತಾ ಕಲ್ಲಿನ ಮೇಲೆ ಕೂತು ಒಂದು ಮೀಟಿಂಗನ್ನೂ ಮುಗಿಸಿದೆ, ಕ್ಯಾಮೆರಾ ಆಫ್.

ನಾಲ್ಕೂ ಪ್ಲಗ್ ತೆಗೆದು ಸಾಲಾಗಿ ಪೇಪರ್ ಮೇಲೆ ಇಟ್ಟರು. ಮೂರರ ತುದಿ ತೆಳು ಕಂದು ಬಣ್ಣ. ಅದು ಸರಿ ಇರೋ ಲಕ್ಷಣವಂತೆ, ಸವೆದು ಗ್ಯಾಪ್ ಮಾತ್ರ ದೊಡ್ಡದಾಗಿತ್ತು. ಇನ್ನೊಂದರ ಮೈತುಂಬಾ ಆಯಿಲ್. 'ಬರೀ ಪ್ಲಗ್ ಹಾಕಿದ್ರೆ ಇದು ಮತ್ತೆ ಹೋಗತ್ತೆ. ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರ್ತಿದೆ, ಆಯಿಲ್ ಇಳಿದು ಕರೆಂಟು ದಾರಿ ತಪ್ತಿದೆ.' ಆ ಉದ್ದದ ಎಸ್ಟಿಮೇಟಿನಲ್ಲಿ ಈ ಪ್ಯಾಕಿಂಗ್ ಅನ್ನೋ ಪದವೇ ಇರಲಿಲ್ಲ!

ಇರಿಡಿಯಂ ಹಾಕಿಸಲಾ ಅಂತ ಕೇಳಿದೆ. ಅದು ಮೋಸದ ಮಾಲೇನಲ್ಲ, ಲಕ್ಷ ಕಿಲೋಮೀಟರ್‌ವರೆಗೂ ಬಾಳಿಕೆ ಬರುತ್ತೆ. ಸಾದಾ ನಿಕಲ್ ಪ್ಲಗ್ಗು ಮೂವತ್ತು ಸಾವಿರ ಓಡಿದರೆ ಹೆಚ್ಚು. ಮತ್ತೆ ಮತ್ತೆ ಬದಲಾಯಿಸೋ ಲೇಬರ್ ಸೇರಿಸಿದರೆ ಎರಡರ ಖರ್ಚೂ ಹತ್ತಿರ ಹತ್ತಿರವೇ ಬರುತ್ತೆ. ಆದರೆ ನಾನು ವರ್ಷಕ್ಕೆ ಓಡಿಸೋದು ಏಳು ಸಾವಿರ ಕಿಲೋಮೀಟರ್, ಗಾಡಿಯ ಆರ್‌ಸಿ ಮುಗಿಯೋಕೆ ಇನ್ನು ಮೂರೇ ವರ್ಷ. ಮ್ಯಾನುಯಲ್ ತೆಗೆದು ನೋಡಿದರೆ ಕಂಪನಿಯವರೇ ಬರೆದಿದ್ದು ನಿಕಲ್ ಪ್ಲಗ್ಗಿನ ನಂಬರ್. ನನ್ನ ಗಾಡಿಗೆ ಅಷ್ಟು ಸಾಕು.

ಪ್ಲಗ್ 150ರಂತೆ 600, ಲೇಬರ್ 350, ಪ್ಯಾಕಿಂಗ್ ಕೂಲಿ ಸೇರಿ 700. ಒಟ್ಟು 1,650. ಹೊಸ ಪ್ಲಗ್ಗನ್ನು ಮೊದಲು ಬರೀ ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲಷ್ಟೇ ಸ್ಪ್ಯಾನರ್ ಮುಟ್ಟಿಸಿದರು. ಹಳೇ ನಾಲ್ಕನ್ನೂ ಕೇಳಿ ಇಸ್ಕೊಂಡೆ, ಅಪ್ಪನಿಗೆ ತೋರಿಸೋಕೆ.

ಶನಿವಾರ ಹಾಸನದಿಂದ ವಾಪಸ್ ಬರುವಾಗ ಅಪ್ಪ ಮುಂದಿನ ಸೀಟಲ್ಲಿ ಕೂತು ಆ ಆಯಿಲ್ ಹಿಡಿದ ಪ್ಲಗ್ಗನ್ನು ಬೆರಳಲ್ಲಿ ಸವರಿ ನೋಡಿದರು, ಕಾಣದಿದ್ದಕ್ಕೆ ಮೂಗಿನ ಹತ್ತಿರವೂ ಹಿಡಿದರು. ಚನ್ನರಾಯಪಟ್ಟಣ ದಾಟೋವರೆಗೂ ಮಾತಿಲ್ಲ, ಕಣ್ಣು ಮುಚ್ಚಿದ್ದರು. ನಿದ್ದೆ ಬಂತೇನೋ ಅಂದ್ಕೊಂಡೆ.

'ಎಂಜಿನ್ ಈಗ ಸರಿ ಇದೆ' ಅಂದರು. 'ಫ್ಯಾನ್ ಬೆಲ್ಟ್ ಮಾತ್ರ ಸ್ವಲ್ಪ ಕಿರುಚ್ತಿದೆ, ಕೇಳಿಸ್ತಿಲ್ವಾ?'