ದ್ರಾಕ್ಷಿ ಎಲಿ

ನಮ್ಮ ಜತ್ತ ತಾಲೂಕಿನಲ್ಲಿ ದ್ರಾಕ್ಷಿ ಬಾಗ ಇದ್ದವರು ವರ್ಷಕ್ಕೆ 2 ಸಲ ಚಾಟ್ನಿ ಮಾಡುತ್ತೇವೆ. ಏಪ್ರಿಲ್‌ದಾಗ ಒಮ್ಮೆ, ಅಕ್ಟೋಬರ್‌ದಾಗ ಒಮ್ಮೆ. ಕತ್ತರಿಸಿದ ಎಲಿ ಬದುವಿಗೆ ಎಸೀತೇವಿ. ಆ ಎಲಿಯನ್ನು ಮನುಷ್ಯರು ಉಣ್ಣುತ್ತಾರೆ ಎಂಬುದು ಅರವತ್ತು ದಾಟುವತನಕ ನನಗ ಗೊತ್ತಿರಲಿಲ್ಲ.

ಹೋದ ವರ್ಷ ಮಗ ನನ್ನನ್ನು ಆಸ್ಟ್ರೇಲಿಯಾದ ಮೆಲ್ಬರ್ನಿಗೆ ಕರೆಸಿಕೊಂಡಿದ್ದ. ಒಂದು ಸಂಜೆ ಓಕ್ಲೀ ಎಂಬ ಪೇಟೆಗೆ ಕರಕೊಂಡು ಹೋದ. ಅಲ್ಲಿ ಗ್ರೀಕ್ ಜನರ ಖಾನಾವಳಿ ಬಹಳ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಟ್ಟೆಪಾಡಿಗಾಗಿ ಗ್ರೀಸ್ ದೇಶ ಬಿಟ್ಟು ಸಾವಿರಾರು ಮಂದಿ ಆ ದೇಶಕ್ಕೆ ಬಂದರಂತೆ. ಅವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿಯವರೇ ಆಗ್ಯಾರ.

ಕಡ್ಡಿಗೆ ಚುಚ್ಚಿದ ಮಾಂಸ ಕೆಂಡದ ಮ್ಯಾಲೆ ಸುಡುತ್ತಿತ್ತು. ನಾನು ಅದನ್ನು ತಿನ್ನುವವನಲ್ಲ. ಮಗ ನನಗೆ ದಪ್ಪ ರೊಟ್ಟಿ ತರಿಸಿದ. ಜೋಡಿಗೆ ಗಟ್ಟಿ ಮೊಸರಿನಲ್ಲಿ ಸೌತಿಕಾಯಿ, ಬಳ್ಳೊಳ್ಳಿ ಕಲಸಿದ್ದು. ನಮ್ಮ ಪಚಡಿಯ ಅಣ್ಣತಮ್ಮನೇ. ಆಮೇಲೆ ಬೆರಳುದ್ದದ ಹಸಿರು ಸುರುಳಿ ಬಂದವು. ಬಾಯಿಗೆ ಇಟ್ಟರೆ ಒಳಗೆ ಅನ್ನ, ಉಳ್ಳಾಗಡ್ಡಿ, ಪುದೀನ, ನಿಂಬಿಹುಳಿ.

"ಮ್ಯಾಲಿಂದು ಏನಪಾ?" ಅಂದೆ.

"ದ್ರಾಕ್ಷಿ ಎಲಿ, ಅಪ್ಪಾ" ಅಂದ.

ಎಳೆ ಎಲಿ ನೋಡಿ ಹರಿದು, ಉಪ್ಪುನೀರಿನಲ್ಲಿ ಹಾಕಿಟ್ಟು ವರ್ಷವಿಡೀ ಬಳಸುತ್ತಾರಂತೆ. ನನಗೆ ನಗು ಬಂತು. ನಮ್ಮ ಎಲಿ ಹಂಗ ತಿನ್ನಾಕ ಬರೂದಿಲ್ಲ ಬಿಡ್ರಿ, ಅಷ್ಟು ಔಷಧ ಹೊಡೆದಿರತೇವಿ.

ಬಾಜೂ ಮೇಜಿನಲ್ಲಿ ಒಬ್ಬ ಮುದುಕಿ ಮೊಮ್ಮಗನಿಗೆ ಉಣಿಸುತ್ತಿದ್ದಳು. ಹುಡುಗ ಇಂಗ್ಲಿಷಿನಲ್ಲಿ ರೊಟ್ಟಿ ಬೇಡಿದ. ಆಕಿ ತುಂಡನ್ನು ಕೈಯಲ್ಲೇ ಹಿಡಿದು ಕೂತಳು. "ಪ್ಸೊಮಿ" ಅಂದಳು. ಹುಡುಗ ಮುಖ ಗಂಟು ಹಾಕಿದ. ಕಡೀಕ "ಪ್ಸೊಮಿ" ಅಂದ. ಆಗಲೇ ತುಂಡು ಕೊಟ್ಟಳು. ಹಂಗಂದ್ರ ಅವರ ಭಾಷೆಯಲ್ಲಿ ರೊಟ್ಟಿ ಅಂತ ಮಗ ಹೇಳಿದ.

ನನ್ನ ಮೊಮ್ಮಗ ಎದುರಿಗೇ ಕೂತಿದ್ದ. ಬಂದು 20 ದಿನ ಆಗಿತ್ತು, ಅವನ ಕೂಡ ಒಂದು ಮಾತು ನೆಟ್ಟಗೆ ಆಡಿರಲಿಲ್ಲ. ಅವನಿಗೆ ಕನ್ನಡ ಬಾರದು. ಮಗನ ಮೇಲೆ ಸಿಟ್ಟು ಬಂತು. ಬಂದ ಸಿಟ್ಟು ನನ್ನ ಕಡೆಗೇ ತಿರುಗಿತು. ನಾನು ನಮ್ಮೂರ ಕನ್ನಡ ಶಾಲೆಯಲ್ಲಿ 7ನೇತ್ತೆ ಕಲಿತವ. ಮಗನನ್ನು ಮಾತ್ರ ಕನ್ನಡದಿಂದ ಹೊಟ್ಟೆ ತುಂಬೂದಿಲ್ಲ ಅಂತ ಬೇರೆ ಶಾಲೆಗೆ ಹಾಕಿದೆ. ಊರೂರು ತಿರುಗಿ ರಾತ್ರಿಯೆಲ್ಲಾ ಗೀಗೀ ಪದ ಹಾಡಿದವ, ಮನೆಯಲ್ಲಿ ಅವನಿಗೆ ಒಂದು ಪದ ಕಲಿಸಲಿಲ್ಲ. ಅವನ ಕೈಗೆ ತುಂತುಣಿ ಸುದ್ದಾ ಕೊಡಲಿಲ್ಲ. ನಾ ಕೊಡದ್ದನ್ನ ಅವ ತನ್ನ ಮಗನಿಗೆ ಎಲ್ಲಿಂದ ಕೊಡಬೇಕು?

ತಾಟಿನಲ್ಲಿ ಒಂದು ಸುರುಳಿ ಉಳಿದಿತ್ತು. ಎತ್ತಿ ಹಿಡಿದೆ. "ಎಲಿ" ಅಂದೆ. ಹುಡುಗ ಅಪ್ಪನ ಮುಖ ನೋಡಿದ. ಮಗ ತಲೆ ತಗ್ಗಿಸಿದ. "ಎಲಿ" ಅಂದೆ ಮತ್ತ.

"ಯೆಲಿ" ಅಂದಿತು ಕೂಸು.

ಕೊಟ್ಟೆ. ಅರ್ಧ ತಿಂದು ಉಗುಳಿದ, ಹುಳಿ ಸೇರಲಿಲ್ಲ. ಆದರ ಮರುದಿನ ಅಂಗಳದ ಗಿಡ ತೋರಿಸಿ, "ಅಜ್ಜಾ, ಯೆಲಿ" ಅಂತ ತಾನೇ ಅಂದ.

ತಿರುಗಿ ಬರುವತನಕ 40 ಶಬ್ದ ಕಲಿಸಿದೆ. ಈಗ ಐತವಾರಕ್ಕೊಮ್ಮೆ ಫೋನಿನಲ್ಲಿ 2 ಹೊಸಾವು. ಅವನಪ್ಪನೂ ಬಾಜೂಕ ಕೂತು ಕೇಳತಾನ.